ಕಾಕು ಓಡದ ಓಟ

ಕಾಕುವಿನ ಎಡ ಮೊಣಕಾಲಿನ ಕೆಳಗೆ, ಚರ್ಮದ ಒಳಗೆ, ನಾಲ್ಕು ಕಪ್ಪು ಚುಕ್ಕೆಗಳಿದ್ದವು. ಮೂರು ಒತ್ತೊತ್ತಾಗಿ, ನಾಲ್ಕನೆಯದು ಎರಡು ಬೆರಳು ದೂರದಲ್ಲಿ. ಮೊದಲ ಸಲ ನೋಡಿದಾಗ ಹಚ್ಚೆ ಎಂದುಕೊಂಡೆ. ಅದು ಎಂಜಿನ್ ಬೂದಿ. ಉಗಿಬಂಡಿಗಳ ಕಾಲದಲ್ಲಿ ಪುಣೆ ಹತ್ತಿರದ ದೌಂಡ ಜಂಕ್ಷನ್ನಿನ ಕಡೆಯಿಂದ ಲಾರಿಗಟ್ಟಲೆ ಬೂದಿ ತಂದು ಮೈದಾನದಲ್ಲಿ ಓಟದ ಪಥಕ್ಕೆ ಹಾಸುತ್ತಿದ್ದರಂತೆ. ಅದರ ಮೇಲೆ ಬಿದ್ದವರ ಗಾಯ ಮಾಯುತ್ತಿತ್ತು, ಹರಳು ಒಳಗೇ ಉಳಿಯುತ್ತಿತ್ತು.

ನಾನು ಆ ಚುಕ್ಕೆಗಳನ್ನು ನೋಡಿದ್ದು ನಮ್ಮ ಕಟ್ಟಡದ ಮೆಟ್ಟಿಲಿನ ಮೇಲೆ. ನನಗೆ ಹದಿನಾಲ್ಕು ವರ್ಷ. ಶಾಲೆಯ ಬಸ್ಸು ಹಿಡಿಯಲು ನಾಲ್ಕನೆಯ ಮಹಡಿಯಿಂದ ದಿನಾ ಓಡಿ ಇಳಿಯುತ್ತಿದ್ದೆ. ಎರಡನೆಯ ಮಹಡಿಗೆ ಹೊಸದಾಗಿ ಬಂದಿದ್ದ ಅವರು ಅಂದು ಸೀರೆಯ ನಿರಿಗೆ ಎತ್ತಿ ಸಿಕ್ಕಿಸಿ ತಮ್ಮ ಬಾಗಿಲ ಮುಂದಿನ ಮೆಟ್ಟಿಲು ತೊಳೆಯುತ್ತಿದ್ದರು. ನಾನು ಒದ್ದೆ ಮೆಟ್ಟಿಲನ್ನು ಹಾರಿದೆ. ಹಿಂದಿನಿಂದ ದನಿ ಬಂತು.

"ಏ ಹುಡುಗಿ, ನಿಂದ್ರು. ಎತ್ತಾಗ ಓಡಾಕತ್ತಿ?"

"ಬಸ್ಸಿಗೆ ರೀ."

"ಬಸ್ಸಿಗೆ ಓಡಬ್ಯಾಡ. ಅದು ಓಡೋದಲ್ಲ, ಗಡಿಬಿಡಿ. ಓಡೋದಿದ್ರ ನಾಳೆ ಆರಕ್ಕ ಮೈದಾನಕ್ಕ ಬಾ."

ಬಸ್ಸು ತಪ್ಪಿತು. ಮರುದಿನ ಆರಕ್ಕೆ ಹೋದೆ. ಯಾಕೆ ಹೋದೆನೆಂದು ಆಗಲೂ ಗೊತ್ತಿರಲಿಲ್ಲ. ಮನೆಗೆ ಯಾರಾದರೂ ಬಂದರೆ ಒಳಕೋಣೆಗೆ ಸರಿಯುವ ಹುಡುಗಿ ನಾನು. ಬಹುಶಃ ಅವರು ನನ್ನ ಹೆಸರು ಕೇಳದೆ ಕರೆದದ್ದೇ ಹಿಡಿಸಿರಬೇಕು.

ಕಟ್ಟಡದಲ್ಲಿ ಎಲ್ಲರಿಗೂ ಅವರು ಕಾಕು, ಮರಾಠಿಯಲ್ಲಿ ಚಿಕ್ಕಮ್ಮ. ಧಾರವಾಡದಲ್ಲಿ ಹುಟ್ಟಿ, ಕಾಲೇಜಿಗೆ ಪುಣೆಗೆ ಬಂದು, ಓಟಗಾರ್ತಿ ಎಂದು ರೈಲ್ವೆಯಲ್ಲಿ ನೌಕರಿ ಹಿಡಿದು, ದೌಂಡದ ಟಿಕೆಟ್ ಕಿಟಕಿಯಲ್ಲಿ ಬಹಳ ವರ್ಷ ಕುಳಿತು, ಆಮೇಲೆ ಪುಣೆಗೆ ವರ್ಗವಾಗಿ ಬಂದವರು. ಅವರ ಯಜಮಾನರು, ನಮಗೆ ಕಾಕಾ, ಖಡಕಿಯ ಕಾರ್ಖಾನೆಯಲ್ಲಿದ್ದರು. ಮಕ್ಕಳಿರಲಿಲ್ಲ. ಬೆಳಗ್ಗೆ ಆರರಿಂದ ಏಳೂವರೆಯವರೆಗೆ ಕಾಕು ಐದಾರು ಹುಡುಗಿಯರಿಗೆ ಓಟ ಕಲಿಸುತ್ತಿದ್ದರು. ಅದಕ್ಕೆ ಬೋರ್ಡಿಲ್ಲ, ಹೆಸರಿಲ್ಲ. ಓಟ ಮುಗಿದ ಮೇಲೆ ಸ್ಟೀಲ್ ಡಬ್ಬಿಯಿಂದ ತಲೆಗೆ ಎರಡು ಶೇಂಗಾ ಉಂಡೆ ಕೊಡುತ್ತಿದ್ದರು. ಮೂರನೆಯದನ್ನು ಯಾರಿಗೂ ಕೊಟ್ಟದ್ದು ನೋಡಿಲ್ಲ.

ಸ್ಟಾಪ್‌ವಾಚನ್ನು ಅವರು ಕಾಕಾನ ಹಳೆಯ ಉಣ್ಣೆಯ ಕಾಲುಚೀಲದಲ್ಲಿ ಇಡುತ್ತಿದ್ದರು. ತೆಗೆಯುವ ಮೊದಲು ಕೈಯನ್ನು ಸೀರೆಗೆ ಒರೆಸಿಕೊಳ್ಳುತ್ತಿದ್ದರು. ತಾವು ಮಾತ್ರ ಎಂದೂ ಓಡುತ್ತಿರಲಿಲ್ಲ. ರೈಲಿಗೂ ಇಲ್ಲ, ಮಳೆಗೂ ಇಲ್ಲ. ಛತ್ರಿ ಮರೆತ ದಿನ ತೊಯ್ದುಕೊಂಡು ನಿಧಾನವಾಗಿ ನಡೆದು ಬರುತ್ತಿದ್ದರು. ಕೆಳಗಿನ ಮಹಡಿಯ ಹೆಂಗಸರು ಗ್ಯಾಲರಿಯಿಂದ ಚೇಷ್ಟೆ ಮಾಡುತ್ತಿದ್ದರು: "ಕಾಕು, ರೆಕಾರ್ಡ್ ಎಲ್ಲಿ ಹೋತ್ರಿ?" ಕಾಕು ತಲೆ ಎತ್ತದೆ ಹೇಳುತ್ತಿದ್ದರು: "ಕಾಲೇಜಿನ ಗ್ವಾಡಿ ಮ್ಯಾಲೆ ಅದ. ಅಲ್ಲಿ ತೊಯ್ಯಂಗಿಲ್ಲ."

ಗೋಡೆಯ ಮೇಲೆ ನಿಜವಾಗಿಯೂ ಇತ್ತು. ಮುಂದೆ ನಾನು ಸೇರಿದ್ದೂ ಅದೇ ಕಾಲೇಜು. ಜಿಮಖಾನೆಯ ಒಳಗೋಡೆಗೆ ಒಂದು ಮರದ ಹಲಗೆ, ಅದರಲ್ಲಿ ಬಿಳಿ ಬಣ್ಣದಲ್ಲಿ ಅಂತರ ಕಾಲೇಜು ಕೂಟದ ದಾಖಲೆಗಳು. ಹೆಂಗಸರ ನೂರು ಮೀಟರಿನ ಎದುರು ಕಾಕುವಿನ ಹೆಸರು, ಪಕ್ಕದಲ್ಲಿ ಹನ್ನೊಂದು ಪಾಯಿಂಟ್ ಒಂಬತ್ತು. ಮೂವತ್ತು ವರ್ಷ ದಾಟಿದರೂ ಆ ಸಾಲನ್ನು ಯಾರೂ ಅಳಿಸಿ ಬರೆದಿರಲಿಲ್ಲ. ಹೊಸ ವಿದ್ಯಾರ್ಥಿಗಳಿಗೆ ಕಾಲೇಜು ತೋರಿಸುವಾಗ ಆ ಹಲಗೆಯ ಮುಂದೆ ನಿಲ್ಲಿಸುತ್ತಿದ್ದರು.

ಆ ಸಾಲನ್ನು ನಾನು ಮುರಿಯುತ್ತೇನೆಂದು ಎಣಿಸಿರಲಿಲ್ಲ. ನನಗೆ ಬೇಕಾಗಿದ್ದದ್ದು ಓಡುವಾಗ ಸಿಗುವ ಆ ಹನ್ನೆರಡು ಸೆಕೆಂಡುಗಳ ಏಕಾಂತ. ಆದರೆ ಎಂ.ಎಸ್ಸಿ. ಎರಡನೆಯ ವರ್ಷದ ಕೂಟದ ಹೊತ್ತಿಗೆ ನನ್ನ ಕಾಲು ಚೆನ್ನಾಗಿ ಬಂದಿತ್ತು. ನಮ್ಮ ಕೂಟಗಳಲ್ಲಿ ಆಗಲೂ ಕೈಯಲ್ಲಿ ಹಿಡಿಯುವ ಸ್ಟಾಪ್‌ವಾಚೇ. ಮೊದಲು ಬಂದವರ ಸಮಯವನ್ನು ಮೂರು ಜನ ಹಿಡಿಯುತ್ತಾರೆ. ನನ್ನದನ್ನು ಮೂವರೂ ಹನ್ನೆರಡು ಪಾಯಿಂಟ್ ಒಂದು ಎಂದರು. ಕೂಟ ಗೆದ್ದೆ. ದಾಖಲೆಗೆ ಸೆಕೆಂಡಿನ ಹತ್ತರಲ್ಲಿ ಎರಡು ಪಾಲು ಕಡಿಮೆ ಬಿತ್ತು. ಧ್ವನಿವರ್ಧಕದಲ್ಲಿ ಅದನ್ನೂ ಹೇಳಿದರು: ಹಳೆಯ ದಾಖಲೆ ಹಾಗೆಯೇ ಉಳಿದಿದೆ, ದಾಖಲೆಯ ಒಡತಿ ನಮ್ಮ ನಡುವೆಯೇ ಇದ್ದಾರೆ. ಜನ ಚಪ್ಪಾಳೆ ತಟ್ಟಿದರು.

ಗೆರೆಯ ಬಳಿ ನಿಂತಿದ್ದ ಕಾಕು ಕೈಮುಗಿಯಲಿಲ್ಲ. ತಮ್ಮದೇ ವಾಚನ್ನು ನೋಡಿದರು, ಇನ್ನೊಮ್ಮೆ ನೋಡಿದರು, ಆಮೇಲೆ ಸುಣ್ಣದ ಗೆರೆಯ ಪಕ್ಕದಲ್ಲಿ ನೆಲದ ಮೇಲೆ ಕುಳಿತುಬಿಟ್ಟರು. ನಾನು ಹತ್ತಿರ ಹೋದೆ. ಬೇಸರವಾಗಿದೆ, ನನ್ನಿಂದ ದಾಖಲೆ ಬಯಸಿದ್ದರು ಎಂದುಕೊಂಡೆ.

"ತಪ್ಪಿತ್ರಿ ಕಾಕು," ಎಂದೆ.

"ನಿಂದಲ್ಲ," ಎಂದರು. "ರವಿವಾರ ಆರಕ್ಕ ಬಾ. ಒಬ್ಬಾಕಿನ ಬಾ."

ಆ ರವಿವಾರ ಮೈದಾನದಲ್ಲಿ ನಾವಿಬ್ಬರೇ. ಕಾಕು ಎರಡು ಸ್ಟಾಪ್‌ವಾಚು ತಂದಿದ್ದರು. ಒಂದನ್ನು ನನ್ನ ಎಡಗೈಯಲ್ಲಿ, ಇನ್ನೊಂದನ್ನು ಬಲಗೈಯಲ್ಲಿ ಇಟ್ಟು ನನ್ನನ್ನು ಕೊನೆಯ ಗೆರೆಯಲ್ಲಿ ನಿಲ್ಲಿಸಿದರು. ತಾವು ನೂರು ಮೀಟರ್ ದೂರ ನಡೆದು ಹೋದರು. ಕೈಯಲ್ಲಿ ಬಿಜಾಗರಿ ಕೀಲಿನಿಂದ ಜೋಡಿಸಿದ ಎರಡು ಮರದ ಹಲಗೆಗಳಿದ್ದವು. ಪಿಸ್ತೂಲು ಇಲ್ಲದಾಗ ಓಟ ಬಿಡಲು ಅದನ್ನೇ ಬಡಿಯುತ್ತಿದ್ದರು. ಅಲ್ಲಿಂದಲೇ ಕೂಗಿ ಹೇಳಿದರು: "ಎಡದ್ದು ಕಣ್ಣಿಗೆ ಕಂಡಾಗ ಒತ್ತು. ಬಲದ್ದು ಕಿವಿಗೆ ಕೇಳಿದಾಗ ಒತ್ತು. ಎರಡೂ ಕೂಡೇ ನಿಲ್ಲಿಸು."

ಹಲಗೆಗಳು ಕೂಡಿದ್ದು ಕಂಡಿತು. ಎಡಗೈ ಒತ್ತಿದೆ. ಆಮೇಲೆ ಸದ್ದು ಬಂತು. ಬಲಗೈ ಒತ್ತಿದೆ. ಸ್ವಲ್ಪ ಹೊತ್ತು ಬಿಟ್ಟು ಎರಡನ್ನೂ ಒಟ್ಟಿಗೆ ನಿಲ್ಲಿಸಿದೆ. ಬಲಗೈಯ ವಾಚಿನಲ್ಲಿ ಸಮಯ ಕಡಿಮೆ. ಹೆಚ್ಚುಕಡಿಮೆ ಸೆಕೆಂಡಿನ ಹತ್ತರಲ್ಲಿ ಮೂರು ಪಾಲು. ಐದು ಸಲ ಮಾಡಿಸಿದರು. ಐದು ಸಲವೂ ಅಷ್ಟೇ. ಭೌತಶಾಸ್ತ್ರ ಓದುತ್ತಿದ್ದ ನನಗೆ ಇದರಲ್ಲಿ ಹೊಸದೇನೂ ಇರಲಿಲ್ಲ. ಸದ್ದು ನೂರು ಮೀಟರು ನಡೆದು ಬರಲು ಅಷ್ಟು ಹೊತ್ತು ಬೇಕು. ಅದಕ್ಕೇ ಸಮಯ ಹಿಡಿಯುವವರು ಪಿಸ್ತೂಲಿನ ಹೊಗೆ ನೋಡಿ ವಾಚು ಒತ್ತುತ್ತಾರೆ, ಸದ್ದು ಕೇಳಿ ಅಲ್ಲ. ಹೊಗೆ ಚೆನ್ನಾಗಿ ಕಾಣಲೆಂದು ಪಿಸ್ತೂಲಿನ ಹಿಂದೆ ಕಪ್ಪು ಹಲಗೆ ಹಿಡಿಯುತ್ತಾರೆ.

ಕಾಕು ನಡೆದು ಬಂದು ಎರಡೂ ವಾಚುಗಳನ್ನು ನನ್ನ ಅಂಗೈಯಲ್ಲಿ ಅಕ್ಕಪಕ್ಕ ಇಟ್ಟರು.

"ಈ ಮೂರು ಅದಾವಲ್ಲ, ನನ್ನ ರೆಕಾರ್ಡಿನಾಗ ಇವು ಇಲ್ಲ ನೋಡು. ಇವುಗಳ ಬೆನ್ನ ಹತ್ತಿ ಹನ್ನೆರಡು ವರ್ಷ ಓಡೀನಿ."

ನಡೆದದ್ದು ಇಷ್ಟು. ಕಾಕು ದಾಖಲೆ ಮಾಡಿದ ದಿನ ಫೈನಲ್ ಓಟ ಸಂಜೆಗೆ ಜಾರಿತ್ತು. ದೊಡ್ಡ ಅಧಿಕಾರಿಗಳೆಲ್ಲ ಬಹುಮಾನದ ವೇದಿಕೆಯತ್ತ ಹೋಗಿದ್ದರು. ಕೊನೆಯ ಗೆರೆಯಲ್ಲಿ ಮೊದಲ ಸ್ಥಾನದ ಮೂರು ವಾಚುಗಳನ್ನು ಮೂವರು ವಿದ್ಯಾರ್ಥಿನಿಯರ ಕೈಗೆ ಕೊಟ್ಟು, ಬಾರು ಹಾರಿದ ಕೂಡಲೇ ಒತ್ತಿ ಎಂದು ಹೇಳಿ ಹೋಗಿದ್ದರು. ಮುಳುಗುವ ಸೂರ್ಯ ಓಟ ಬಿಡುವವರ ಬೆನ್ನ ಹಿಂದೆ. ಕಪ್ಪು ಹಲಗೆ ಅಷ್ಟರಲ್ಲಿ ಉಗ್ರಾಣ ಸೇರಿತ್ತು. ಮೂವರಲ್ಲಿ ಒಬ್ಬಳು ಕಾಕುವಿನ ವಸತಿಗೃಹದ ಗೆಳತಿ. ಕೆಲಸವನ್ನು ಬಹಳ ಶ್ರದ್ಧೆಯಿಂದ ಮಾಡಬೇಕೆಂದು ಆಕೆ ಕಣ್ಣು ಮುಚ್ಚಿಕೊಂಡು, ಸದ್ದನ್ನಷ್ಟೇ ಆಲಿಸಿ, ಒತ್ತಿದ್ದಳು. ಉಳಿದಿಬ್ಬರು ಅವಳನ್ನು ನೋಡಿ ಹಾಗೆಯೇ ಮಾಡಿದ್ದರು. ಮೂರು ವಾಚುಗಳೂ ಹನ್ನೊಂದು ಒಂಬತ್ತು ತೋರಿಸಿದವು. ಮೂರೂ ಒಂದೇ ಹೇಳಿದ ಮೇಲೆ ಯಾರಿಗೆ ಅನುಮಾನ ಬರುತ್ತದೆ? ಉಳಿದ ಸ್ಥಾನಗಳ ವಾಚು ಹಿಡಿದವರೂ ಸದ್ದಿಗೇ ಒತ್ತಿರಬೇಕು, ಅಂದು ಎರಡನೆಯ ಸ್ಥಾನ ಬಂದವಳೂ ತನ್ನ ಬಾಳಿನ ಅತ್ಯುತ್ತಮ ಸಮಯ ಓಡಿದ್ದಳು, ಮೂರನೆಯವಳೂ. ಅದನ್ನು ಯಾರೂ ಗಮನಿಸಲಿಲ್ಲ.

"ಆಕಿ ರೂಮಿಗೆ ಬಂದು ಹೆಮ್ಮಿಲೆ ಹೇಳಿದ್ಲು, ಕಣ್ಣ ಮುಚ್ಚಿ ಒತ್ತೀನಿ, ಒಂದ ಚೂರು ಆಚಿ ಈಚಿ ಆಗಿಲ್ಲ ಅಂತ. ನಾನೂ ನಕ್ಕೆ. ಇಬ್ಬರಿಗೂ ಗೊತ್ತಿರಲಿಲ್ಲ."

ಆಮೇಲಿನದು ಕಾಕುವಿನ ಓಟದ ಬದುಕು. ರೈಲ್ವೆಯವರು ಕರೆದ ಪರೀಕ್ಷೆಯಲ್ಲಿ ಹನ್ನೆರಡು ಪಾಯಿಂಟ್ ಮೂರು ಓಡಿ ಗೆದ್ದರು. ನೌಕರಿ ಸಿಕ್ಕಿದ್ದು ಆ ಹನ್ನೆರಡು ಮೂರಕ್ಕೆ ಎನ್ನುವುದನ್ನು ಅವರು ನನಗೆ ಎರಡು ಸಲ ಹೇಳಿದರು. ರೈಲ್ವೆ ಕೂಟಗಳಲ್ಲಿ ಪದಕಗಳೂ ಬಂದವು. ಆದರೆ ಎಲ್ಲಿ ಹೋದರೂ ಆ ಹನ್ನೊಂದು ಒಂಬತ್ತು ಅವರಿಗಿಂತ ಮೊದಲೇ ಹೋಗಿ ಕುಳಿತಿರುತ್ತಿತ್ತು. ದೊಡ್ಡ ಶಿಬಿರದ ತರಬೇತುದಾರರು ಮೊದಲ ವಾರ ಕಾದರು, ಎರಡನೆಯ ವಾರ ಗದರಿಸಿದರು, ಮೂರನೆಯ ವಾರ ಎಲ್ಲರ ಮುಂದೆ ಹಿಂದಿಯಲ್ಲಿ ಹಂಗಿಸಿದರು: ಇವಳು ಕಾಗದದ ಮೇಲೆ ಓಡುತ್ತಾಳೆ. ಕಾಕು ಊಟ ಕಡಿಮೆ ಮಾಡಿದರು. ಜ್ವರದಲ್ಲಿ ಓಡಿದರು. ತೊಡೆಯ ಹಿಂದಿನ ಸ್ನಾಯು ಎರಡು ಸಲ ಹರಿಯಿತು. ಒಮ್ಮೆ ಓಡಿದ್ದೇನೆ, ಇನ್ನೊಮ್ಮೆ ಯಾಕೆ ಆಗದು, ತಪ್ಪು ನನ್ನಲ್ಲೇ ಇದೆ ಎಂದು ಹನ್ನೆರಡು ವರ್ಷ ನಂಬಿದರು.

ಓಟ ಬಿಟ್ಟ ಮೇಲೆ ಸಮಯ ಹಿಡಿಯುವವರ ಪರೀಕ್ಷೆಗೆ ಕುಳಿತರು. ಅಲ್ಲಿ ಕಲಿಸುವವರು ಮೊದಲ ದಿನವೇ ಹೇಳಿದರಂತೆ: ಹೊಗೆ ನೋಡಬೇಕು, ಸದ್ದು ಕೇಳಬಾರದು. ಕಾಕುವಿಗೆ ಗೆಳತಿಯ ಮುಚ್ಚಿದ ಕಣ್ಣು ನೆನಪಾಯಿತು.

"ಅತ್ರೇನ್ರಿ?" ಎಂದು ಕೇಳಿದೆ.

"ಯಾಕ ಅಳಲಿ? ಅವತ್ತ ಹೊಟ್ಟಿ ತುಂಬ ಊಟ ಮಾಡೀನಿ. ಹನ್ನೆರಡು ವರ್ಷದಾಗ ಮೊದಲ ಸಲ."

ಹಾಗಾದರೆ ಅಂದೇ ಯಾಕೆ ಹೇಳಲಿಲ್ಲ ಎಂದು ನಾನು ಕೇಳಲಿಲ್ಲ. ಅವರೇ ಹೇಳಿದರು. "ಆಸಿ ಇತ್ತು. ಸುಳ್ಳ ಯಾಕ ಹೇಳ್ಲಿ? ಬೋರ್ಡಿನ ಮ್ಯಾಲೆ ಹೆಸರು ನೋಡಿದ್ರ ಛಲೋ ಅನಸ್ತಿತ್ತು. ಯಾರಿಗೂ ಏನೂ ಹಾನಿ ಇಲ್ಲ ಅಂತ ಸುಮ್ಮನಿದ್ದೆ. ಮೊನ್ನೆ ನೀ ಹನ್ನೆರಡು ಒಂದು ಓಡಿದಿ. ನಂದು ಖರೇ ಅಂದ್ರ ಹನ್ನೆರಡು ಎರಡು. ನೀ ನನ್ನ ದಾಟೀದಿ. ಮೈಕಿನಾಗ ದಾಟಿಲ್ಲ ಅಂದ್ರು. ನಾ ನಿಂತ ಕೇಳಿದೆ."

ಮರುವಾರ ನಾವಿಬ್ಬರೂ ವಿಶ್ವವಿದ್ಯಾಲಯದ ಕ್ರೀಡಾ ಕಚೇರಿಗೆ ಹೋದೆವು. ಅಲ್ಲಿದ್ದ ಹಿರಿಯ ಗುಮಾಸ್ತರು ಕಾಕುವಿನ ಮಾತನ್ನು ಎರಡು ಸಲ ಕೇಳಿಸಿಕೊಂಡರು. ತಮ್ಮ ಇಡೀ ನೌಕರಿಯಲ್ಲಿ ಜನ ಹೆಸರು ಏರಿಸಲು ಬಂದದ್ದು ನೋಡಿದ್ದೇನೆ, ಇಳಿಸಲು ಬಂದವರು ನೀವೇ ಮೊದಲು ಎಂದು ಮರಾಠಿಯಲ್ಲಿ ಹೇಳಿ ಚಹಾ ತರಿಸಿದರು. ಅದಕ್ಕೆ ಅರ್ಜಿಯ ನಮೂನೆಯೇ ಇರಲಿಲ್ಲ. ಬಿಳಿ ಹಾಳೆಯ ಮೇಲೆ ಬರೆದು ಕೊಡಿ, ಜೊತೆಗೆ ಅಂದು ವಾಚು ಹಿಡಿದವರಲ್ಲಿ ಒಬ್ಬರ ಹೇಳಿಕೆ ಬೇಕು ಎಂದರು. ಹೊರಗೆ ಬಂದ ಮೇಲೆ ಕಾಕು ಹೇಳಿದರು: "ಛಲೋ ಮನಶ್ಯಾ. ನನಗ ಹುಚ್ಚ ಹಿಡದದ ಅಂತ ಚಾ ಕುಡಿಸಿದಾ."

ಆ ಗೆಳತಿ ಲೋಣಾವಳಾದಲ್ಲಿದ್ದರು. ಬೆಳಗಾವಿಯ ಮರಾಠಿ ಮನೆಯ ಹೆಣ್ಣುಮಗಳು, ಲಗ್ನವಾಗಿ ಅಲ್ಲಿಯ ಚಿಕ್ಕಿ ಅಂಗಡಿಯ ಮನೆ ಸೇರಿದವರು. ಜುಲೈ ತಿಂಗಳು. ಲೋಕಲ್ ಗಾಡಿಯ ಕಿಟಕಿಗಳನ್ನೆಲ್ಲ ಹಾಕಿದ್ದರೂ ಸೀಟು ತೊಯ್ದಿತ್ತು. ಅಂಗಡಿಯಲ್ಲಿ ಗಿರಾಕಿಗಳ ನಡುವೆಯೇ ಕಾಕು ವಿಷಯ ಹೇಳಿದರು. ಗೆಳತಿ ತಕ್ಕಡಿಯ ಮೇಲೆ ಕೈಯಿಟ್ಟು ನಿಂತರು.

"ಅಗ ಬಾಯೀ, ನಾಕ ಗಿರಾಕಿಗೆ ಹೇಳಕೊಂಡ ಬಂದೀನಿ, ರೆಕಾರ್ಡ್ ಆದಾಗ ವಾಚ್ ನನ್ನ ಕೈಯಾಗ ಇತ್ತು ಅಂತ. ಈಗ ಏನ ಹೇಳ್ಲಿ?"

"ಹಂಗ ಹೇಳು. ವಾಚ್ ನಿನ್ನ ಕೈಯಾಗ ಇತ್ತು. ಕಣ್ಣ ಎಲ್ಲಿ ಇದ್ವು ಅನ್ನೋದ ಅಷ್ಟ ಸೇರಸು."

ಗೆಳತಿ ನಗಲಿಲ್ಲ. "ನನ್ನಿಂದ ನಿನಗ ಅಷ್ಟ ತ್ರಾಸ ಆತೇನ? ಹನ್ನೆರಡ ವರ್ಷ?"

"ನೀ ಶ್ರದ್ಧಾಲೆ ಮಾಡೀದಿ. ನಾನೂ ಶ್ರದ್ಧಾಲೆ ಓಡೀನಿ. ಇಬ್ಬರದೂ ತಪ್ಪಿಲ್ಲ. ಆ ಹನ್ನೊಂದ ಒಂಬತ್ತು ಓಡಿದಾಕಿ ಒಬ್ಬಾಕಿ ಇದ್ದಾಳಲ್ಲ, ಆಕಿನ್ನ ನಾ ಒಂದಿನಾನೂ ಭೇಟಿ ಆಗಿಲ್ಲ. ಆಕಿನ್ನ ತಗದ ಹಾಕೋಣು."

ಗೆಳತಿ ಹಿಂದಿನ ಕೋಣೆಗೆ ಹೋಗಿ ಕಾಕು ತಂದಿದ್ದ ಹಾಳೆಯ ಮೇಲೆ ಹೇಳಿಕೆ ಬರೆದು ಸಹಿ ಮಾಡಿದರು. ಹೊರಡುವಾಗ ಎರಡು ಡಬ್ಬಿ ಚಿಕ್ಕಿ ಕೊಟ್ಟರು. "ಒಂದು ಮನಿಗೆ, ಒಂದು ನಿನ್ನ ಹುಚ್ಚಿಗೆ."

ವಾಪಸು ಬರುವ ಗಾಡಿಯಲ್ಲಿ ನಾನು ಒಂದು ಕೆಲಸ ಮಾಡಿದೆ. ಅದನ್ನು ಇಂದಿಗೂ ಮರೆಯಲಾರೆ.

ದಾರಿಯುದ್ದಕ್ಕೂ ನನಗೆ ಒಂದೇ ಚಿತ್ರ ಕಾಣುತ್ತಿತ್ತು. ಕಾಕುವಿನ ಹೆಸರನ್ನು ಉಜ್ಜಿ ತೆಗೆದ ಜಾಗ, ಅಲ್ಲಿ ಬಿಳಿ ಬಣ್ಣದಲ್ಲಿ ನನ್ನ ಹೆಸರು. ದಾಖಲೆ ಬರುವುದು ನನಗೆ. ಜನ ಕೇಳುತ್ತಾರೆ, ಪತ್ರಿಕೆಯವರು ಬರುತ್ತಾರೆ, ಗುರುವೇ ತನ್ನ ಹೆಸರು ತೆಗೆಸಿ ಶಿಷ್ಯೆಗೆ ಕೊಡಿಸಿದಳು ಎನ್ನುತ್ತಾರೆ. ಕಾಕುವಿಗೆ ಕೆಟ್ಟ ಹೆಸರು ಬರುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ನಿಜವಾಗಿ ಹೆದರಿದ್ದು ನನ್ನ ಸಲುವಾಗಿ.

"ಕಾಕು, ಬ್ಯಾಡ್ರಿ," ಎಂದೆ. "ನನಗ ಆ ರೆಕಾರ್ಡ್ ಬ್ಯಾಡ. ಹಂಗ ಇರ್ಲಿ."

"ನಿನಗ ಕೊಡಾಕ ಮಾಡಾಕತ್ತಿಲ್ಲ," ಎಂದರು. ಅವರ ದನಿ ಅಷ್ಟು ಗಡುಸಾದದ್ದು ಅದೊಂದೇ ಸಲ. "ಹನ್ನೆರಡು ಎರಡು ನಾ ಓಡಿದ್ದರಾಗ ಎಲ್ಲಾಕಿಂತ ಛಲೋ ಓಟ. ಅದರ ನಂತರ ಎಂದೂ ಅಷ್ಟ ಓಡಿಲ್ಲ. ಅದಕ್ಕ ಯಾರೂ ಚಪ್ಪಾಳಿ ಹೊಡೀಲಿಲ್ಲ, ನಾನೂ ಹೊಡ್ಕೊಳ್ಳಲಿಲ್ಲ. ಅದು ನನಗ ವಾಪಸ್ ಬೇಕು."

ನಾನು ತಲೆ ತಗ್ಗಿಸಿ ಕುಳಿತೆ. ಗಾಡಿ ಖಡಕಿ ಬಿಟ್ಟಾಗ ಅವರು ಚಿಕ್ಕಿಯ ಡಬ್ಬಿಯನ್ನು ನನ್ನ ತೊಡೆಯ ಮೇಲಿಟ್ಟರು.

"ನಿನ್ನ ಹೆಸರು ಬೋರ್ಡಿಗೆ ಬರ್ತದ, ಅದು ಖರೆ. ನಿನ್ನ ಕೇಳದ ನಿನ್ನ ಹೆಸರು ಎಲ್ಲೂ ಹಚ್ಚಂಗಿಲ್ಲ ನಾ. ನೀ ಹೂಂ ಅಂದ ದಿನ ಕೊಡೋಣು. ಗಡಿಬಿಡಿ ಇಲ್ಲ."

ನಾನು ಹೂಂ ಎನ್ನಲಿಲ್ಲ. ಆ ದಿನವೂ ಇಲ್ಲ, ಆಮೇಲಿನ ಆರು ವರ್ಷಗಳಲ್ಲಿಯೂ ಇಲ್ಲ.

ಅವರು ಮತ್ತೆ ಕೇಳಲಿಲ್ಲ. ಅರ್ಜಿ ಮತ್ತು ಹೇಳಿಕೆ ಇದ್ದ ನೀಲಿ ಫೈಲು ಅವರ ಮನೆಯ ಟಿ.ವಿ.ಯ ಕೆಳಗಿನ ಕಪಾಟಿನಲ್ಲಿ, ಹಳೆಯ ರೈಲ್ವೆ ವೇಳಾಪಟ್ಟಿಗಳ ಮೇಲೆ ಇರುತ್ತಿತ್ತು. ಚಹಾಕ್ಕೆ ಹೋದಾಗಲೆಲ್ಲ ನಾನು ಅದಕ್ಕೆ ಬೆನ್ನು ಮಾಡಿ ಕುಳಿತುಕೊಳ್ಳುತ್ತಿದ್ದೆ. ಅದನ್ನು ಕಾಕು ಗಮನಿಸಿದ್ದರೆಂದು ಈಗ ಅನಿಸುತ್ತದೆ. ಒಮ್ಮೆ ಕಾಕಾ ಅದರ ಮೇಲೆ ಔಷಧಿಯ ಡಬ್ಬಿ ಇಟ್ಟಾಗ ಎದ್ದು ಹೋಗಿ ಡಬ್ಬಿಯನ್ನು ಬೇರೆ ಕಡೆ ಇಟ್ಟು ಬಂದರು.

ಓದು ಮುಗಿಸಿ ನಾನು ಒಂದು ಪ್ರಯೋಗಾಲಯಕ್ಕೆ ಸೇರಿದೆ. ತಕ್ಕಡಿ, ತಾಪಮಾಪಕ, ಗಡಿಯಾರಗಳು ಸರಿಯಾಗಿ ಅಳೆಯುತ್ತವೆಯೇ ಎಂದು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ಕೆಲಸ. ಸುದ್ದಿ ಹೇಳಲು ಪೇಢೆ ತಗೊಂಡು ಹೋದೆ. ಕಾಕು ಬಾಯಿ ತುಂಬ ನಕ್ಕರು.

"ಊರ ಮಂದಿ ತಕ್ಕಡಿ ನೋಡ್ತೀ ಇನ್ನ. ಛಲೋ ಆತು. ಭಾಳ ಛಲೋ ಆತು."

ಅಷ್ಟೇ ಹೇಳಿದರು. ನನಗೆ ಅರ್ಥವಾಯಿತು. ಅರ್ಥವಾಗದವಳಂತೆ ಇನ್ನೊಂದು ಪೇಢೆ ಕೊಟ್ಟೆ.

ಕೂಟಗಳಿಗೆ ಅವರು ಸಮಯ ಹಿಡಿಯಲು ಹೋಗುತ್ತಿದ್ದರು. ನಾನೂ ರಜೆ ಇದ್ದಾಗ ಜೊತೆಗೆ ಹೋಗುತ್ತಿದ್ದೆ. ಮೆಟ್ಟಿಲಿನಂತಿರುವ ಕಬ್ಬಿಣದ ಆಸನಗಳಲ್ಲಿ ಎಲ್ಲರಿಗಿಂತ ಮೇಲಿನದರಲ್ಲಿ, ಸ್ವಲ್ಪ ಮುಂದೆ ಬಾಗಿ, ಕನ್ನಡಕ ಒರೆಸಿ ಒರೆಸಿ ಹಾಕಿಕೊಂಡು, ದೂರದ ಪಿಸ್ತೂಲನ್ನೇ ನೋಡುತ್ತ ಕೂರುತ್ತಿದ್ದರು. ಕಪ್ಪು ಹಲಗೆ ಇಲ್ಲದಿದ್ದರೆ ಓಟ ಬಿಡಗೊಡುತ್ತಿರಲಿಲ್ಲ. ಹೊಸ ಹುಡುಗಿಯರಿಗೆ ವಾಚು ಕೊಡುವಾಗ ಒಂದೇ ಮಾತು: "ಹೊಗಿ ನೋಡವಾ. ಆವಾಜ ತಡಾ ಮಾಡಿ ಬರ್ತದ." ಹೊಗೆ ಎದ್ದ ಕ್ಷಣ ಅವರ ಬಲ ಹೆಬ್ಬೆರಳು ವಾಚು ಒತ್ತುತ್ತಿತ್ತು.

ಈ ವರ್ಷ ಫೆಬ್ರುವರಿಯಲ್ಲಿ, ನಿವೃತ್ತರಾಗಿ ಎರಡು ವರ್ಷವೂ ತುಂಬುವ ಮೊದಲು, ಮಧ್ಯಾಹ್ನದ ಊಟ ಮುಗಿಸಿ ಕುರ್ಚಿಯಲ್ಲಿ ಕುಳಿತಿದ್ದ ಕಾಕುವಿಗೆ ಎದೆನೋವು ಬಂತು. ಆಸ್ಪತ್ರೆಯಲ್ಲಿ ಎರಡು ದಿನ ಇದ್ದರು. ನಾನು ಹೋದಾಗ ಮಾತಾಡುವ ಸ್ಥಿತಿ ಇರಲಿಲ್ಲ. ಕಾಲಿನ ಬಳಿ ಹೊದಿಕೆ ಸರಿದಿತ್ತು. ಆ ನಾಲ್ಕು ಚುಕ್ಕೆಗಳನ್ನು ಮುಚ್ಚಿ ಬಂದೆ. ಮರುದಿನ ಹೋದರು.

ಹದಿಮೂರು ದಿನ ಕಳೆದ ಮೇಲೆ ಕನ್ನಡ ಮಂಡಳಿಯವರು ಮತ್ತು ಕಾಲೇಜಿನವರು ಕೂಡಿ ಶೋಕಸಭೆ ಇಟ್ಟರು. ವೇದಿಕೆಯ ಹಿಂದೆ ದೊಡ್ಡ ಬಟ್ಟೆಯ ಮೇಲೆ ಅವರ ಹಳೆಯ ಫೋಟೋ, ಕೆಳಗೆ ಹನ್ನೊಂದು ಪಾಯಿಂಟ್ ಒಂಬತ್ತು. ಮಾತಾಡಿದವರೆಲ್ಲ ಅದನ್ನೇ ಹೇಳಿದರು. ಶೇಂಗಾ ಉಂಡೆಯನ್ನು ಒಬ್ಬರೂ ನೆನೆಯಲಿಲ್ಲ. ಕಾಲೇಜಿನ ಕ್ರೀಡಾ ಮುಖ್ಯಸ್ಥರು ಇನ್ನು ಮುಂದೆ ಹೆಂಗಸರ ನೂರು ಮೀಟರಿಗೆ ಅವರ ಹೆಸರಿನ ಬೆಳ್ಳಿ ಫಲಕ ಕೊಡಲಾಗುವುದು, ಅದರ ಮೇಲೆ ಆ ದಾಖಲೆಯ ಸಮಯವನ್ನು ಕೆತ್ತಿಸಲಾಗುವುದು ಎಂದು ಸಾರಿದರು. ಚಪ್ಪಾಳೆ ಬಿತ್ತು. ಕಾಕು ಎಂದೂ ಭೇಟಿಯಾಗದ ಆ ಹನ್ನೊಂದು ಒಂಬತ್ತರ ಹೆಂಗಸು ಇನ್ನು ಬೆಳ್ಳಿಯಲ್ಲೂ ಇರುತ್ತಾಳೆ ಎಂದುಕೊಂಡೆ.

ನನ್ನನ್ನೂ ಕರೆದರು. ಎದ್ದು ಹೋದೆ. ಓಟದ ಆರಂಭಕ್ಕೆ ಬೆರಳು ಹೇಗೆ ಊರಬೇಕೆಂದು ಅವರು ಕಲಿಸಿದ್ದನ್ನು ಎರಡು ನಿಮಿಷ ಹೇಳಿದೆ. ಇನ್ನೊಂದು ವಾಕ್ಯ ಹೇಳುವುದು ಬಾಕಿ ಇತ್ತು. ನಾನೂರು ಕಣ್ಣುಗಳಿದ್ದವು. ಇಳಿದು ಬಂದು ಮೂರನೆಯ ಸಾಲಿನ ನನ್ನ ಕುರ್ಚಿಯಲ್ಲಿ ಕುಳಿತೆ.

ಸಭೆ ಮುಗಿದು ಕಾಕಾನನ್ನು ಮನೆಗೆ ಬಿಡಲು ಹೋದಾಗ ಅವರು ಕಪಾಟಿನಿಂದ ಆ ನೀಲಿ ಫೈಲು ತಂದು ಕೊಟ್ಟರು.

"ಇದರಾಗ ಏನದ ಅಂತ ನಂಗ ಗೊತ್ತದ. ಎಷ್ಟ ಸಲ ಅಂದೆ, ಆ ಹುಡುಗೀನ್ನ ಇನ್ನೊಮ್ಮೆ ಕೇಳು ಅಂತ. ಕೇಳಿದ್ರ ಒತ್ತಾಯ ಆಗ್ತದ ಅಂತಿದ್ಲು. ಈಗ ನಾನೂ ಕೇಳಂಗಿಲ್ಲ ನೋಡವಾ. ಒಯ್ದ ಇಟ್ಕೋ."

ಮನೆಗೆ ಬಂದು ತೆರೆದೆ. ಗೆಳತಿಯ ಹೇಳಿಕೆಯ ಮೇಲೆ ಕಾಕುವಿನ ಅರ್ಜಿ, ಮರಾಠಿಯಲ್ಲಿ, ದುಂಡಗಿನ ಅಕ್ಷರ. ಹನ್ನೊಂದು ಪಾಯಿಂಟ್ ಒಂಬತ್ತು ನಾನು ಓಡಿದ ಸಮಯವಲ್ಲ, ಅದನ್ನು ತೆಗೆದುಹಾಕಬೇಕು. ನನ್ನ ನಿಜವಾದ ಸಮಯ ಹನ್ನೆರಡು ಪಾಯಿಂಟ್ ಎರಡು ಎಂದು ನಂಬುತ್ತೇನೆ, ಅದರ ಬಗ್ಗೆ ನನಗೆ ಸಂತೋಷವಿದೆ. ಕೆಳಗೆ ಸಹಿ. ಸಹಿಯ ಎಡಕ್ಕೆ ತಾರೀಖು ಎಂದು ಬರೆದು ಮುಂದೆ ಖಾಲಿ ಬಿಟ್ಟಿದ್ದರು. ಆರು ವರ್ಷಗಳಿಂದ ಅದು ಖಾಲಿಯೇ ಇತ್ತು. ನನಗಾಗಿ.

ಮರುದಿನ ಬೆಳಗ್ಗೆ ಪ್ರಯೋಗಾಲಯಕ್ಕೆ ಅರ್ಧ ದಿನದ ರಜೆ ಹೇಳಿದೆ. ಮೇಜಿನ ಮುಂದೆ ಕುಳಿತು ನನ್ನದೂ ಒಂದು ಹಾಳೆ ಬರೆದೆ. ಈ ಅರ್ಜಿದಾರರು ತೀರಿಕೊಂಡಿದ್ದಾರೆ. ಇದನ್ನು ಅವರು ಆರು ವರ್ಷದ ಹಿಂದೆ ಬರೆದದ್ದು, ತಡವಾದದ್ದು ನನ್ನಿಂದ. ಇದನ್ನು ಒಪ್ಪಿದರೆ ಲಾಭವಾಗುವುದು ನನಗೆ, ಅದನ್ನು ಗಮನದಲ್ಲಿ ಇಟ್ಟುಕೊಂಡೇ ವಿಚಾರಿಸಬೇಕು. ಫಲಕ ಕೆತ್ತಿಸುವ ಮೊದಲು ವಿಚಾರಿಸಬೇಕು. ಕೆಳಗೆ ನನ್ನ ಪೂರ್ತಿ ಹೆಸರು ಬರೆದೆ. ಬಸ್ ನಿಲ್ದಾಣದ ತಿರುವಿನಲ್ಲಿ ನನ್ನ ಬಸ್ಸು ಹೊರಡುತ್ತಿತ್ತು. ಓಡಲಿಲ್ಲ, ಮುಂದಿನದನ್ನು ಹಿಡಿದೆ.

ಕ್ರೀಡಾ ಕಚೇರಿಯಲ್ಲಿ ಹಳೆಯ ಗುಮಾಸ್ತರ ಜಾಗದಲ್ಲಿ ನನ್ನ ವಯಸ್ಸಿನ ಒಬ್ಬಾಕೆ ಇದ್ದರು. ಮೂರೂ ಕಾಗದಗಳನ್ನು ನಿಧಾನವಾಗಿ ಓದಿದರು. ಕಾಕುವಿನ ಅರ್ಜಿಯಲ್ಲಿ ತಾರೀಖು ಇಲ್ಲ ಎಂದು ಬೆರಳಿಟ್ಟು ತೋರಿಸಿದರು. ಅದು ಹಾಗೆಯೇ ಇರಲಿ ಎಂದೆ. ಆಕೆ ಇನ್ನೊಮ್ಮೆ ನನ್ನ ಹಾಳೆ ನೋಡಿ, ತಲೆ ಎತ್ತಿ ಮರಾಠಿಯಲ್ಲಿ ಕೇಳಿದರು.

"ಮಗ ರೆಕಾರ್ಡ್ ಕುಣಾಚಾ? ತುಮಚಾ?" ಹಾಗಾದರೆ ದಾಖಲೆ ಯಾರದು, ನಿಮ್ಮದೇ?

ಪಕ್ಕದ ಮೇಜಿನವರೂ ತಿರುಗಿ ನೋಡಿದರು.

"ಹೋ," ಎಂದೆ. "ಮಾಝಾ." ಹೌದು, ನನ್ನದೇ.

ದನಿ ನಾನು ಎಣಿಸಿದ್ದಕ್ಕಿಂತ ದೊಡ್ಡದಾಗಿ ಬಂತು. ಆಕೆ ಅರ್ಜಿಯನ್ನು ತಮ್ಮತ್ತ ಎಳೆದುಕೊಂಡು ತಾರೀಖಿನ ಮುದ್ರೆ ಒತ್ತಿದರು. ಕಾಕು ಖಾಲಿ ಬಿಟ್ಟಿದ್ದ ಜಾಗದ ಮೇಲೆಯೇ, ನೇರಳೆ ಶಾಯಿಯಲ್ಲಿ, ಆ ದಿನದ ತಾರೀಖು ಬಿತ್ತು.